ಬೇಸ್ ಗಿಟಾರೂ ಅದರ ಪೆಟ್ಟಿಗೆಯೂ

ವೀಣೆಯನ್ನು ಕೊಂಡ ಗೃಹಸ್ಥನಿಗೆ ವೀಣೆಯೊಂದೇ ಸಾಕು. ಅದರ ನಾದವು ಅದರ ಕೊಡದಲ್ಲಿಯೇ ಇರುವುದು. ಪಿಟೀಲು ಮೃದಂಗಗಳೂ ಹಾಗೆಯೇ. ಬೇಸ್ ಗಿಟಾರೆಂಬ ವಾದ್ಯವನ್ನು ಕೊಂಡವನ ಪಾಡು ಬೇರೆ. ಅದರ ಒಡಲು ಗಟ್ಟಿಯಾದ ಮರದ ಹಲಗೆ; ಬರಿಯ ತಂತಿಯನ್ನು ಮೀಟಿದರೆ ಪಕ್ಕದ ಕೋಣೆಯವರಿಗೂ ಕೇಳಿಸದು. ತಂತಿಯ ಕೆಳಗೆ ಹುದುಗಿಸಿರುವ ಅಯಸ್ಕಾಂತವೂ ತಾಮ್ರದ ಸುರುಳಿಯೂ ಆ ಕಂಪನವನ್ನು ಅತ್ಯಲ್ಪವಾದ ವಿದ್ಯುತ್ತನ್ನಾಗಿ ಮಾಡಿ ಹೊರಗೆ ಕಳುಹಿಸುವುವು. ಅದನ್ನು ದೊಡ್ಡದು ಮಾಡುವ ಆಂಪ್ಲಿಫೈಯರೂ, ಆ ದೊಡ್ಡ ವಿದ್ಯುತ್ತನ್ನು ಗಾಳಿಯ ಅಲುಗಾಟವನ್ನಾಗಿ ಮಾರ್ಪಡಿಸುವ ಸ್ಪೀಕರಿನ ಪೆಟ್ಟಿಗೆಯೂ ಬಂದು ಸೇರಿದ ಮೇಲೆಯೇ ವಾದ್ಯವು ಪೂರ್ಣವಾಯಿತೆನ್ನಬೇಕು. ಗಿಟಾರನ್ನು ಅಂಗಡಿಯಿಂದ ತಂದ ದಿನ ಮನೆಗೆ ಬಂದುದು ಅರ್ಧ ವಾದ್ಯ ಮಾತ್ರ.

ಮನೆಮಂದಿ ಓದುವ ಪತ್ರಿಕೆಯಲ್ಲಿ ಇಂತಹ ವಿಷಯಕ್ಕೆ ಎಡೆಯೇಕೆಂದು ಕೆಲವರು ಕೇಳಿಯಾರು. ಈ ಪೆಟ್ಟಿಗೆಗೆ ಹಣ ಕೊಡುವವರು ಗೃಹಸ್ಥರು. ಅದು ನಿಲ್ಲುವುದು ಮನೆಯ ಹಜಾರದಲ್ಲಿ. ಅದರ ಗುಡುಗಿಗೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರೆ ಉತ್ತರ ಹೇಳತಕ್ಕವರೂ ಗೃಹಸ್ಥರೇ. ಹುಡುಗರು ವಾದ್ಯದ ಬಣ್ಣವನ್ನು ತಾವೇ ಆರಿಸಿಕೊಳ್ಳಲಿ. ಪೆಟ್ಟಿಗೆಯ ಆಯ್ಕೆಯಲ್ಲಿ ಮಾತ್ರ ಹಿರಿಯರು ಸ್ವಲ್ಪ ತಲೆಹಾಕುವುದು ಒಳ್ಳೆಯದೆಂದು ಅನುಭವದಿಂದ ಹೇಳುತ್ತೇನೆ.

ನಾನಿರುವ ಕೆಂಗೇರಿ ಉಪನಗರವು ಬೆಂಗಳೂರಿನ ಪಶ್ಚಿಮಕ್ಕೆ ಮೈಸೂರು ರಸ್ತೆಯ ಮಗ್ಗುಲಲ್ಲಿರುವುದು. ೨೦೨೧ನೆಯ ಆಗಸ್ಟ್ ತಿಂಗಳ ಕೊನೆಯಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಇಲ್ಲಿಯ ಹುಡುಗರಿಗೆ ವಿಜಯನಗರವೂ ಮೆಜೆಸ್ಟಿಕ್ಕೂ ಹಿತ್ತಿಲಿನಂತಾಗಿವೆ. ಗಣೇಶೋತ್ಸವದಿಂದ ಮೊದಲುಗೊಂಡು ನವೆಂಬರು ತಿಂಗಳು ಮುಗಿಯುವವರೆಗೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಬೀದಿಗಳಲ್ಲಿ ವಾದ್ಯಗೋಷ್ಠಿಯಿಲ್ಲದ ವಾರವು ಅಪೂರ್ವ. ನಾವು ಅದನ್ನು ಆರ್ಕೆಸ್ಟ್ರಾ ಎಂದೇ ಕರೆಯುವುದು. ಇಬ್ಬರು ಗಾಯಕರು, ಒಂದು ಕೀಬೋರ್ಡು, ಒಂದು ಡ್ರಮ್ ಸೆಟ್ಟು ಅಥವಾ ರಿದಂ ಪ್ಯಾಡು, ಒಂದು ಗಿಟಾರು, ಹಿಂದೆ ನೆರಳಿನಲ್ಲಿ ಒಬ್ಬ ಬೇಸ್ ಗಿಟಾರಿನವನು. ಜನರು ಅವನನ್ನು ನೋಡುವುದಿಲ್ಲ. ಆದರೆ ಇಳಯರಾಜಾ ಅವರು ಸಂಗೀತ ಕೊಟ್ಟ ೧೯೮೧ರ ‘ಗೀತಾ’, ೧೯೮೩ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಹಾಡುಗಳಿಗೆ ನಲವತ್ತು ವರುಷಗಳಾದರೂ ಜನರ ಕಾಲು ತಾನಾಗಿಯೇ ತಾಳ ಹಾಕುವುದಕ್ಕೆ ಒಂದು ಕಾರಣ ಆ ಹಾಡುಗಳ ತಳದಲ್ಲಿ ಓಡಾಡುವ ಬೇಸ್ ಗಿಟಾರು. ಅದನ್ನು ತೆಗೆದುಬಿಟ್ಟರೆ ಹಾಡು ನೆಲವಿಲ್ಲದ ಮನೆಯಂತಾಗುವುದು.

ನನ್ನ ಅಕ್ಕನ ಮಗನೂ ಇಂತಹ ಒಂದು ತಂಡದಲ್ಲಿ ಬೇಸ್ ನುಡಿಸುವನು. ಅಕ್ಕನ ಸಂಸಾರವು ನಮ್ಮ ಮನೆಯ ಎರಡನೆಯ ಮಹಡಿಯಲ್ಲಿರುವುದು. ಮೊದಲ ಪೆಟ್ಟಿಗೆಯನ್ನು ಅವನು ಅಕ್ಕನು ಎತ್ತಿದ ಚೀಟಿಯ ಹಣದಿಂದ, ನನ್ನನ್ನು ಕೇಳದೆ, ಒಂದು ಅಂಗಡಿಯಿಂದ ತಂದನು. ಅದರ ಮೈಮೇಲೆ ಬಣ್ಣಬಣ್ಣದ ದೀಪಗಳು. ಎದೆಯ ಮೇಲೆ ಸಾವಿರ ವಾಟುಗಳೆಂದು ಬಂಗಾರದ ಅಕ್ಷರಗಳು. ಮೂರು ವಾರಗಳ ತರುವಾಯ ರಾಜ್ಯೋತ್ಸವದ ಒಂದು ಬೀದಿ ವೇದಿಕೆಯಲ್ಲಿ, ಮೂರನೆಯ ಹಾಡಿನ ನಡುವೆ, ದಪ್ಪ ತಂತಿಯ ಸ್ವರವೊಂದಕ್ಕೆ ಅದು ಭರ್ರೆಂದಿತು, ಮುಂದಿನ ಸ್ವರಕ್ಕೆ ಕೆಮ್ಮಿತು, ಆಮೇಲೆ ಮೌನವಾಯಿತು. ಕೀಬೋರ್ಡಿನವನು ಎಡಗೈಯಿಂದ ಬೇಸನ್ನು ಹೇಗೋ ತೂಗಿಸಿಕೊಂಡು ಹೋದನು. ನಮ್ಮ ಹುಡುಗನು ಸದ್ದಿಲ್ಲದ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಕಾರ್ಯಕ್ರಮ ಮುಗಿಯುವವರೆಗೆ ಒಂದೂವರೆ ಗಂಟೆಯ ಹೊತ್ತು ವೇದಿಕೆಯ ಮೇಲೆ ನಿಂತಿದ್ದನು. ಮರುದಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿದಾಗ ಸ್ಪೀಕರಿನ ಕಾಗದದ ಬಟ್ಟಲು ಅಂಚಿನಿಂದ ಹರಿದು ಜೋಲುತ್ತಿತ್ತು. ಅತಿಯಾಗಿ ಬಳಸಿದ್ದೀರಿ, ಇದಕ್ಕೆ ಗ್ಯಾರಂಟಿಯಿಲ್ಲವೆಂದು ಅಂಗಡಿಯವರು ಹೇಳಿದರು.

“ಚೀಟಿ ದುಡ್ಡು ಹೋಯಿತು ಅಂತ ನಾನು ಅಳೋದಿಲ್ಲ,” ಎಂದು ಅಕ್ಕನು ನನ್ನೊಡನೆ ಹೇಳಿದಳು. “ಹುಡುಗ ಮಾತಾಡದೆ ಕೂತಿದಾನಲ್ಲ, ಅದಕ್ಕೆ ಏನಾದರೂ ಮಾಡು.”

ನಾನು ಮಾಡಿದುದು ಇಷ್ಟೇ: ಇನ್ನೊಂದು ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಹಿಂದಿನದು ಏಕೆ ಹರಿಯಿತೆಂಬುದನ್ನು ಅರಿತುಕೊಳ್ಳೋಣವೆಂದು ಅವನನ್ನು ಒಪ್ಪಿಸಿದೆನು. ಆ ಆರು ತಿಂಗಳುಗಳಲ್ಲಿ ತಿಳಿದುಬಂದುದನ್ನು ಇಲ್ಲಿ ಬರೆಯುತ್ತೇನೆ.

ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯು ಸೆಕೆಂಡಿಗೆ ಸುಮಾರು ೪೧ ಸಾರಿ ಅದಿರುವುದು. ಉಳಿದ ಮೂರು ತಂತಿಗಳು ಕ್ರಮವಾಗಿ ೫೫, ೭೩, ೯೮ ಸಾರಿ. ಐದು ತಂತಿಗಳ ವಾದ್ಯವಾದರೆ ಐದನೆಯದು ೩೧ಕ್ಕೆ ಇಳಿಯುವುದು. ನಮ್ಮ ಗಂಡಸರು ಹಾಡುವ ಆಧಾರ ಷಡ್ಜವು ಸಾಮಾನ್ಯವಾಗಿ ೧೩೦ರ ಆಸುಪಾಸಿನಲ್ಲಿರುವುದರಿಂದ, ಈ ವಾದ್ಯವು ಅದಕ್ಕಿಂತಲೂ ಒಂದೂವರೆ ಸ್ಥಾಯಿಗೂ ಹೆಚ್ಚು ಕೆಳಗೆ ನುಡಿಯುವುದೆಂದಾಯಿತು. ೪೧ ಕಂಪನಗಳ ಸ್ವರದ ಒಂದು ಅಲೆಯ ಉದ್ದವು ಗಾಳಿಯಲ್ಲಿ ಸುಮಾರು ೨೭ ಅಡಿ. ನಮ್ಮೂರಿನ ಮೂವತ್ತು ನಲವತ್ತರ ನಿವೇಶನದ ಚಿಕ್ಕ ಬದಿಯಷ್ಟು. ಇಷ್ಟು ದೊಡ್ಡ ಅಲೆಯನ್ನು ಎಬ್ಬಿಸಬೇಕಾದರೆ ಸ್ಪೀಕರಿನ ಬಟ್ಟಲು ಬಹಳ ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ನೂಕಬೇಕು. ಒಂದೇ ಗಟ್ಟಿತನದ ಧ್ವನಿಗೆ, ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ ಬಟ್ಟಲಿನ ಓಡಾಟವು ನಾಲ್ಕು ಪಟ್ಟು ಹೆಚ್ಚುವುದೆಂಬುದು ಭೌತಶಾಸ್ತ್ರದ ನಿಯಮ. ಗಾಯಕನ ಧ್ವನಿಗೂ ಕೀಬೋರ್ಡಿಗೂ ಚೆನ್ನಾಗಿಯೇ ಇರುವ ಪೆಟ್ಟಿಗೆಯು ಬೇಸಿಗೆ ಹರಿದುಹೋಗುವ ರಹಸ್ಯವು ಇದೇ. ವಿದ್ಯುತ್ತಿನ ಕಾವಿನಿಂದ ಸುಡುವುದಕ್ಕೆ ಬಹಳ ಮೊದಲೇ ಅದು ತನ್ನ ಓಡಾಟದ ಮೇರೆಯನ್ನು ಮೀರಿ ಹರಿಯುವುದು. ದೇವಸ್ಥಾನಗಳ ಗೋಪುರಕ್ಕೂ ಪ್ರಚಾರದ ಆಟೋಗಳಿಗೂ ಕಟ್ಟುವ ಕೊಂಬಿನ ಸ್ಪೀಕರುಗಳಿಗಂತೂ ಈ ಸ್ವರಗಳ ಹತ್ತಿರವೂ ಸುಳಿಯಲಾಗದು. ಅವು ಮಾತಿಗೆ ಹುಟ್ಟಿದವು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದುವರಿಯಲು ಮನಸ್ಸಿಲ್ಲ. ಅಡುಗೆಮನೆಯ ಸಣ್ಣ ರೇಡಿಯೋದಲ್ಲಿ ೪೧ ಕಂಪನಗಳ ಸ್ವರವು ಬರಲಾರದು. ಆದರೂ ಆ ರೇಡಿಯೋದಲ್ಲಿ ಹಳೆಯ ಹಾಡನ್ನು ಕೇಳಿದವರು ಬೇಸಿನ ನಡೆಯನ್ನು ತಪ್ಪಿಲ್ಲದೆ ಗುನುಗುವರು. ಪ್ರತಿಯೊಂದು ತಂತಿಯ ನಾದದಲ್ಲಿಯೂ ಮೂಲಸ್ವರದೊಡನೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪಸ್ವರಗಳಿರುವುವು. ಆ ಮೇಲಿನವುಗಳು ಕೇಳಿಸಿದರೆ ಸಾಕು, ಇಲ್ಲದ ಮೂಲಸ್ವರವನ್ನು ನಮ್ಮ ಕಿವಿಯೂ ಮನಸ್ಸೂ ಸೇರಿ ತುಂಬಿಕೊಳ್ಳುವುವು. ಇದರಿಂದ ಕೊಳ್ಳುವವನಿಗೆ ದೊಡ್ಡ ಸಮಾಧಾನವಿದೆ. ಪೆಟ್ಟಿಗೆಯು ೪೧ರವರೆಗೂ ತುಂಬಿ ನುಡಿಯಲೇಬೇಕೆಂಬ ಹಟ ಬೇಡ. ೮೦ರ ಸುತ್ತಮುತ್ತ ಗಟ್ಟಿಯಾಗಿ, ನಿರ್ಮಲವಾಗಿ ನುಡಿದರೆ ವೇದಿಕೆಯ ಕೆಲಸ ನಡೆಯುವುದು. ಹೆಸರಾಂತ ಬೇಸ್ ಪೆಟ್ಟಿಗೆಗಳಲ್ಲಿಯೂ ಅನೇಕವು ೪೧ಕ್ಕೆ ಬರುವಷ್ಟರಲ್ಲಿ ಬಳಲಿಬಿಡುತ್ತವೆ.

ಇನ್ನು ವಾಟಿನ ಮಾತು. ನಮ್ಮ ಮೊದಲ ಪೆಟ್ಟಿಗೆಯ ಸಾವಿರ ವಾಟುಗಳ ಪಕ್ಕದಲ್ಲಿ ‘ಪಿ.ಎಂ.ಪಿ.ಓ.’ ಎಂದು ನಾಲ್ಕು ಸಣ್ಣ ಅಕ್ಷರಗಳಿದ್ದುವು. ಅದಕ್ಕೆ ಯಾವ ಸ್ಥಿರವಾದ ಅಳತೆಯೂ ಇಲ್ಲ. ಮಾರುವವನಿಗೆ ತೋಚಿದಷ್ಟು ಬರೆದುಕೊಳ್ಳುವ ಲೆಕ್ಕವೆಂದರೆ ತಪ್ಪಾಗದು. ನೋಡತಕ್ಕದ್ದು ‘ಆರ್.ಎಂ.ಎಸ್.’ ಎಂಬ, ಎಡೆಬಿಡದೆ ಕೊಡಬಲ್ಲ ಶಕ್ತಿಯ ಅಂಕೆಯನ್ನು. ಆ ಅಂಕೆಗೂ ಮರುಳಾಗಬೇಕಿಲ್ಲ. ನೂರು ವಾಟಿನ ಬದಲು ಇನ್ನೂರು ವಾಟಿನದನ್ನು ತಂದರೆ ಧ್ವನಿಯು ಇಮ್ಮಡಿಯಾಗುವುದೆಂದು ಎಲ್ಲರೂ ಎಣಿಸುವರು. ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ, ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ಕಿವಿಗೆ ಇಮ್ಮಡಿಯೆನ್ನಿಸಬೇಕಾದರೆ ಹತ್ತು ಡೆಸಿಬೆಲ್, ಎಂದರೆ ಹತ್ತು ಪಟ್ಟು ವಾಟು ಬೇಕು. ಹಣವು ಹತ್ತು ಪಟ್ಟಾಗದಿದ್ದರೂ ಚೀಟಿಗೆ ನಿಲುಕುವಂತಿರದು.

ಆದಕಾರಣ ಆಂಪ್ಲಿಫೈಯರಿಗಿಂತ ಮೊದಲು ಪೆಟ್ಟಿಗೆಯನ್ನು ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯ ವಿವರಗಳಲ್ಲಿ ಸೆನ್ಸಿಟಿವಿಟಿ ಎಂಬೊಂದು ಸಾಲಿರುವುದು: ಒಂದು ವಾಟು ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂದು. ೯೪ರ ಪೆಟ್ಟಿಗೆಯ ಬದಲು ೯೭ರದನ್ನು ತಂದರೆ ಆಂಪ್ಲಿಫೈಯರನ್ನು ಮುಟ್ಟದೆಯೇ ಅದರ ಶಕ್ತಿಯನ್ನು ಎರಡು ಪಟ್ಟು ಮಾಡಿದಂತಾಯಿತು. ಹಾಗಾದರೆ ೯೭ರದು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಪಾತಾಳದವರೆಗೆ ಇಳಿಯುವಂಥದು ಎಂದು ಮೂರೂ ಸೇರಿದ ಪೆಟ್ಟಿಗೆಯನ್ನು ಹುಡುಕಬಾರದೇ ಎಂದರೆ, ಅದು ಸಿಕ್ಕದು. ಅಮೆರಿಕೆಯ ಕೆ.ಎಲ್.ಎಚ್. ಎಂಬ ಸ್ಪೀಕರು ಕಂಪನಿಯ ಹೆಸರಿನಲ್ಲಿರುವ ಕೊನೆಯ ಅಕ್ಷರವು ಹಾಫ್‌ಮನ್ ಎಂಬ ತಜ್ಞರದು. ಅವರ ಹೆಸರಿನಲ್ಲಿ ನಡೆದುಬಂದಿರುವ ‘ಕಬ್ಬಿಣದ ನಿಯಮ’ವೇನೆಂದರೆ, ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಅಲ್ಪ ವಿದ್ಯುತ್ತಿಗೆ ಅಧಿಕ ಧ್ವನಿ, ಈ ಮೂರರಲ್ಲಿ ಎರಡನ್ನು ಪಡೆದವನು ಮೂರನೆಯದನ್ನು ಬಿಡಲೇಬೇಕು. ಮೂರನ್ನೂ ಕೊಡುತ್ತೇನೆಂದು ಹೇಳುವ ವ್ಯಾಪಾರಿಯು ಸಿಕ್ಕಿದರೆ ಅವನಿಗೆ ಕೈಮುಗಿದು ಮುಂದಿನ ಅಂಗಡಿಗೆ ಹೋಗುವುದು ಲೇಸು.

ಹಿಂದಿನವರು ಚಿಕ್ಕತನವನ್ನು ಬಿಟ್ಟರು. ಎವರೆಟ್ ಹಲ್ ಎಂಬವರು ಅಮೆರಿಕೆಯಲ್ಲಿ, ನಿಂತು ನುಡಿಸುವ ದೊಡ್ಡ ಬೇಸ್ ಪಿಟೀಲಿನ ನೆಲಗೂಟದೊಳಗೆ ಧ್ವನಿಗ್ರಾಹಕವನ್ನಿಟ್ಟು, ೧೯೪೯ರಲ್ಲಿ ಆಂಪೆಗ್ ಎಂಬ ಕಂಪನಿಗೆ ಅಸ್ತಿವಾರ ಹಾಕಿದರು. ಆಂಪ್ಲಿಫೈಯರಿನ ‘ಆಂಪ್’ ಗೂಟದ ‘ಪೆಗ್’ ಸೇರಿ ಆ ಹೆಸರಾಯಿತು. ೧೯೫೧ರಲ್ಲಿ ಲಿಯೋ ಫೆಂಡರರು ಮರದ ಹಲಗೆಯ ಬೇಸ್ ಗಿಟಾರನ್ನು ಮಾರಾಟಕ್ಕೆ ತಂದರು. ಮರು ವರುಷವೇ ಅದಕ್ಕೆಂದು ಬ್ಯಾಸ್‌ಮನ್ ಎಂಬ ಆಂಪ್ಲಿಫೈಯರನ್ನು ಹದಿನೈದು ಅಂಗುಲದ ಒಂದು ಸ್ಪೀಕರಿನೊಡನೆ ಹೊರಡಿಸಿದರು. ೧೯೬೯ರ ಹೊತ್ತಿಗೆ ಆಂಪೆಗ್ಗಿನವರು ೩೦೦ ವಾಟುಗಳ ಎಸ್.ವಿ.ಟಿ. ಎಂಬ ಕೊಳವೆಯಂತ್ರವನ್ನು ತಂದರು. ಅದರೊಡನೆ ನಿಲ್ಲಿಸುವ, ಹತ್ತಂಗುಲದ ಎಂಟು ಸ್ಪೀಕರುಗಳ ಪೆಟ್ಟಿಗೆಯು ಬಡಗಿಯ ಬೀರುವಿನಂತೆ ಕಾಣುವುದು. ಅದರ ತೂಕವು ೬೦ ಕಿಲೋಗ್ರಾಮಿಗೂ ಮೇಲು. ಅದರ ಧ್ವನಿಯನ್ನು ಹೊಗಳದ ಬೇಸ್‌ಗಾರನಿಲ್ಲ. ನಮ್ಮ ಹುಡುಗನ ಕೋಣೆಯ ಗೋಡೆಯ ಮೇಲೆಯೂ ಅದರ ಚಿತ್ರವಿತ್ತು. ನಾನು ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ, ೩೦ ಕಿಲೋಗ್ರಾಮಿನ ಸಿಲಿಂಡರೊಂದನ್ನು ಎರಡನೆಯ ಮಹಡಿಗೆ ಹೊರುವಂತೆ ಹೇಳಿದೆನು. ತುಂಬಿದ ಅಡುಗೆ ಅನಿಲದ ಸಿಲಿಂಡರಿನ ತೂಕವು ಸುಮಾರು ಅಷ್ಟಿರುವುದು. ಅವನು ಹೊತ್ತನು, ಆದರೆ ಮೇಲೆ ತಲುಪಿದ ಮೇಲೆ ಆ ಚಿತ್ರದ ವಿಷಯವನ್ನು ಮತ್ತೆ ಎತ್ತಲಿಲ್ಲ.

ನಿಜಕ್ಕೂ, ಬೀದಿಯ ವೇದಿಕೆಗಳಲ್ಲಿ ನುಡಿಸುವವನಿಗೆ ತೂಕವೇ ಅರ್ಧ ವಿಚಾರ. ವೇದಿಕೆಯ ಮೇಲಿನ ಎರಡು ಗಂಟೆಗಳಿಗಾಗಿ ಪೆಟ್ಟಿಗೆಯು ಮನೆಯಿಂದ ಲಗೇಜ್ ಆಟೋಗೆ, ಆಟೋದಿಂದ ವೇದಿಕೆಗೆ, ನಡುರಾತ್ರಿಯಲ್ಲಿ ಮತ್ತೆ ಎರಡು ಮಹಡಿ ಮೇಲಕ್ಕೆ ಪ್ರಯಾಣ ಮಾಡುವುದು. ಈಚೆಗೆ ಎರಡು ಅನುಕೂಲಗಳು ಒದಗಿವೆ. ‘ಕ್ಲಾಸ್ ಡಿ’ ಎಂಬ ಬಗೆಯ ಆಂಪ್ಲಿಫೈಯರುಗಳು ಐನೂರು ವಾಟು ಕೊಟ್ಟರೂ ಮೂರು ಕಿಲೋಗ್ರಾಮಿಗಿಂತ ಕಡಮೆ ತೂಗುವುವು. ಗಿಟಾರಿನ ಚೀಲದ ಜೇಬಿನಲ್ಲಿಯೇ ಕೂರುವಂಥವೂ ಉಂಟು. ಸ್ಪೀಕರಿನ ಬೆನ್ನಿಗೆ ಮಾಮೂಲಿನ ಫೆರೈಟ್ ಅಯಸ್ಕಾಂತದ ಬದಲು ನಿಯೋಡೈಮಿಯಂ ಅಯಸ್ಕಾಂತವನ್ನು ಹಾಕಿದರೆ ಪೆಟ್ಟಿಗೆಯು ಬಹಳ ಹಗುರಾಗುವುದು. ಹನ್ನೆರಡು ಅಂಗುಲದ ಒಂದು ಸ್ಪೀಕರಿರುವ ಇಂತಹ ಪೆಟ್ಟಿಗೆಯನ್ನು ಒಬ್ಬನೇ ಒಂದು ಕೈಯಲ್ಲಿ ಹಿಡಿದು ನಡೆಯಬಹುದು. ಕೊಳವೆಯ ಯಂತ್ರಗಳ ನಾದವು ಮಧುರವೆಂಬುದನ್ನು ಅಲ್ಲಗಳೆಯುವುದಿಲ್ಲ. ಅವು ಭಾರವಾದವು, ಕೊಳವೆಗಳನ್ನು ಆಗಾಗ ಬದಲಾಯಿಸಬೇಕು, ಸ್ಪೀಕರನ್ನು ಜೋಡಿಸದೆ ಚಾಲೂ ಮಾಡಿದರೆ ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ನಮ್ಮಂತಹ ಮನೆಗೆ ಹೊಂದವು.

ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ‘ಕಾಂಬೋ’ಗಳನ್ನೂ ಅಂಗಡಿಗಳಲ್ಲಿ ತೋರಿಸುವರು. ಮನೆಯ ಅಭ್ಯಾಸಕ್ಕೆ ಅವು ಚೆನ್ನ. ಬೇರೆ ಬೇರೆಯಾಗಿ ಕೊಂಡರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುವುದು. ಹಣ ಕೂಡಿಬಂದಾಗ ಅದೇ ಜಾತಿಯ ಎರಡನೆಯ ಪೆಟ್ಟಿಗೆಯನ್ನು ಸೇರಿಸಬಹುದು. ಸೇರಿಸುವಾಗ ಓಮ್ ಎಂಬ ಲೆಕ್ಕವನ್ನು ತಿಳಿದಿರಬೇಕು. ಎಂಟು ಓಮಿನ ಎರಡು ಪೆಟ್ಟಿಗೆಗಳನ್ನು ಜೊತೆಯಾಗಿ ಕಟ್ಟಿದರೆ ನಾಲ್ಕು ಓಮಾಗುವುದು. ನಾಲ್ಕರ ಎರಡನ್ನು ಕಟ್ಟಿದರೆ ಎರಡಾಗುವುದು. ಓಮು ಇಳಿದಷ್ಟೂ ಆಂಪ್ಲಿಫೈಯರಿನಿಂದ ವಿದ್ಯುತ್ತು ಹೆಚ್ಚಾಗಿ ಹರಿಯುವುದು. ಬಹುಪಾಲು ಆಂಪ್ಲಿಫೈಯರುಗಳು ನಾಲ್ಕರವರೆಗೆ ಇಳಿಯಬಲ್ಲವು. ಅದಕ್ಕೂ ಕೆಳಗೆ ಎಳೆದರೆ ಅವು ಬಿಸಿಯೇರಿ ನಿಂತುಹೋಗುವುವು ಇಲ್ಲವೆ ಸುಟ್ಟುಹೋಗುವುವು. ಎಷ್ಟರವರೆಗೆ ಇಳಿಯಬಹುದೆಂಬುದು ಯಂತ್ರದ ಬೆನ್ನ ಮೇಲೆ ಬರೆದಿರುವುದು. ಮೊದಲು ಒಂದೇ ಪೆಟ್ಟಿಗೆ ಕೊಳ್ಳುವವನು ಎಂಟು ಓಮಿನದನ್ನೇ ಕೊಂಡರೆ ಮುಂದೆ ಎರಡನೆಯದಕ್ಕೆ ಬಾಗಿಲು ತೆರೆದಿರುವುದು. ಐನೂರು ವಾಟೆಂದು ಬರೆದಿರುವ ಯಂತ್ರವು ಸಾಮಾನ್ಯವಾಗಿ ನಾಲ್ಕು ಓಮಿಗೆ ಅಷ್ಟು ಕೊಡುವುದು. ಎಂಟಕ್ಕೆ ಅದರ ಅರ್ಧ ಅಥವಾ ಸ್ವಲ್ಪ ಹೆಚ್ಚು. ಇದನ್ನು ತಿಳಿಯದವನು ಮೋಸಹೋದೆನೆಂದು ಜಗಳಕ್ಕೆ ಹೋಗಬಾರದು.

ಆದರೆ ಎಷ್ಟು ವಾಟು ಬೇಕು? ಇಲ್ಲಿಯೇ ನಮ್ಮ ಹುಡುಗನೂ ನಾನೂ ಬಹಳ ದಿನ ವಾದಿಸಿದೆವು. “ಮಾವ, ಬೀದಿ ತುಂಬ ಜನ ಇರ್ತಾರೆ, ಕೊನೆಯವರಿಗೂ ಕೇಳಬೇಕಲ್ಲ,” ಎಂದು ಅವನು. ಕಡೆಗೆ ವಾದ್ಯಗೋಷ್ಠಿಗಳಿಗೆ ಮೈಕ್ ಸೆಟ್ಟು ಒದಗಿಸುವ ಒಬ್ಬ ಅನುಭವಸ್ಥರು ನಮ್ಮ ವಾದವನ್ನು ತೀರಿಸಿದರು. ಬೀದಿಯ ಕೊನೆಗೆ ಬೇಸನ್ನು ಮುಟ್ಟಿಸುವುದು ಮೈಕ್ ಸೆಟ್ಟಿನವರ ದೊಡ್ಡ ಪೆಟ್ಟಿಗೆಗಳ ಕೆಲಸ. ಬೇಸ್‌ಗಾರನ ಆಂಪ್ಲಿಫೈಯರಿನ ಹಿಂದೆ ‘ಡಿ.ಐ.’ ಎಂಬ ಮೂರು ಕಡ್ಡಿಗಳ ಕಿಂಡಿಯೊಂದಿರುವುದು. ಅಲ್ಲಿಂದ ಒಂದು ತಂತಿಯು ಅವರ ಮಿಕ್ಸರಿಗೆ ಹೋಗುವುದು. ವೇದಿಕೆಯ ಮೇಲಿರುವ ನಮ್ಮ ಪೆಟ್ಟಿಗೆಯು ನುಡಿಸುವವನಿಗೂ ಡ್ರಮ್ಮಿನವನಿಗೂ ಗಾಯಕರಿಗೂ ಕೇಳಿದರೆ ಅದರ ಧರ್ಮವು ತೀರಿತು. ಡ್ರಮ್ ಸೆಟ್ಟಿನ ಪಕ್ಕದಲ್ಲಿ ನಿಲ್ಲುವವನಿಗೆ ಇನ್ನೂರೈವತ್ತರಿಂದ ಐನೂರು ನಿಜವಾದ ವಾಟುಗಳೂ ಒಂದು ಒಳ್ಳೆಯ ಹನ್ನೆರಡಂಗುಲದ ಪೆಟ್ಟಿಗೆಯೂ ಧಾರಾಳವೆಂದು ಅವರೆಂದರು. ಮೈಕ್ ಸೆಟ್ಟೇ ಇಲ್ಲದೆ ಬೇಸ್ ನುಡಿಸಬೇಕಾದ ಸಂದರ್ಭವು ನಾಮಕರಣ ಆರತಕ್ಷತೆಗಳ ಸಣ್ಣ ಹಾಲುಗಳಲ್ಲಿ ಮಾತ್ರ ಬರುವುದು. ಅಲ್ಲಿಗೂ ಅಷ್ಟೇ ಸಾಕು. ಆ ಕಿಂಡಿಯಿಲ್ಲದ ಯಂತ್ರವನ್ನು ಪುಕ್ಕಟೆ ಕೊಟ್ಟರೂ ವೇದಿಕೆಗೆ ಬೇಡವೆಂಬುದು ಅವರ ಕೊನೆಯ ಮಾತು.

ಅವರೇ ಇನ್ನೊಂದು ಕಿವಿಮಾತು ಹೇಳಿದರು. ಹುಡುಗರು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದರಿಂದ ಮೂರಡಿ ದೂರದಲ್ಲಿ ನಿಲ್ಲುವರು. ಧ್ವನಿಯೆಲ್ಲ ಮೊಣಕಾಲಿಗೆ ಬಡಿಯುವುದು, ಕಿವಿಗೆ ತಲುಪದು. ಕೇಳಿಸುತ್ತಿಲ್ಲವೆಂದು ಬೇಸ್ ಗುಂಡಿಯನ್ನು ತಿರುವುವರು. ಆ ಗುಂಡಿಯನ್ನು ಆರು ಡೆಸಿಬೆಲ್ ಎತ್ತಿದರೆ ಮಂದ್ರಸ್ವರಗಳಿಗೆ ನಾಲ್ಕು ಪಟ್ಟು ವಿದ್ಯುತ್ತು ಹರಿಯುವುದು, ಬಟ್ಟಲು ಹರಿಯುವುದು. ಪೆಟ್ಟಿಗೆಯನ್ನು ಒಂದು ಗಟ್ಟಿ ಕುರ್ಚಿಯ ಮೇಲೇರಿಸಿ, ನಡುವಿನ ಸ್ವರಗಳ ಗುಂಡಿಯನ್ನು ಸ್ವಲ್ಪ ಎತ್ತಿದರೆ ಎಲ್ಲ ಸ್ವರಗಳೂ ಬಿಡಿಬಿಡಿಯಾಗಿ ಕೇಳುವುವು. ಹಲಗೆ ಹಾಸಿದ ಟೊಳ್ಳು ವೇದಿಕೆಯು ತಾನೂ ಒಂದು ಡೋಲಿನಂತೆ ಅದಿರುವುದರಿಂದ, ನೆಲದಿಂದ ಎತ್ತಿಡುವುದು ಅಲ್ಲಿ ಇನ್ನೂ ಅವಶ್ಯಕ.

ವಿದ್ಯುತ್ತಿನ ಅಪಾಯವನ್ನು ಕುರಿತು ತಾಯಿತಂದೆಗಳು ಕಿವಿಗೊಟ್ಟು ಕೇಳಬೇಕು. ಬೀದಿಯ ವೇದಿಕೆಗೆ ವಿದ್ಯುತ್ತು ಜನರೇಟರಿನಿಂದಲೋ ಯಾರದೋ ಮನೆಯಿಂದ ಎಳೆದ ತಂತಿಯಿಂದಲೋ ಬರುವುದು. ಆಂಪ್ಲಿಫೈಯರಿನಲ್ಲಿ ಹುಂಯ್ ಎಂಬ ಸದ್ದು ಬಂದಿತೆಂದು ಪ್ಲಗ್ಗಿನ ದಪ್ಪನೆಯ ಮೂರನೆಯ ಕಡ್ಡಿಯನ್ನು, ಎಂದರೆ ಅರ್ಥನ್ನು, ಕಿತ್ತು ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆಗಳದು; ಅದು ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೆಯ ಮನೆಯ ಸ್ವರಕ್ಕೆ ತೀರ ಸಮೀಪವಾದುದರಿಂದ ಬೇಸಿನವನಿಗೆ ಈ ಸದ್ದಿನ ಕಾಟ ಹೆಚ್ಚು. ಅದಕ್ಕೆ ಮದ್ದು ಡಿ.ಐ. ಕಿಂಡಿಯ ಪಕ್ಕದಲ್ಲಿರುವ ‘ಗ್ರೌಂಡ್ ಲಿಫ್ಟ್’ ಎಂಬ ಸಣ್ಣ ಸ್ವಿಚ್ಚು. ಪ್ಲಗ್ಗಿನ ಅರ್ಥನ್ನು ತೆಗೆದರೆ, ಯಂತ್ರದಲ್ಲಿ ದೋಷವುಂಟಾದ ದಿನ ತಂತಿಯ ಮೇಲೆ ಬೆರಳಿಟ್ಟಿರುವ ಹುಡುಗನ ತುಟಿಯು ಮೈಕನ್ನು ಮುಟ್ಟಿದೊಡನೆ ವಿದ್ಯುತ್ತು ಅವನ ಮೈಯ ಮೂಲಕ ಹರಿಯಬಹುದು; ಪ್ರಾಣವೇ ಹೋಗಬಹುದು. ಪರದೇಶದಿಂದ ನೆಂಟರು ತಂದುಕೊಟ್ಟ ಯಂತ್ರವಾದರೆ ಅದು ಅಮೆರಿಕೆಯ ೧೨೦ ವೋಲ್ಟಿನದೋ ನಮ್ಮ ೨೩೦ರದೋ ಎಂಬುದನ್ನು ಬೆನ್ನ ಮೇಲೆ ಓದಿಯೇ ಪ್ಲಗ್ಗು ಚುಚ್ಚಬೇಕು.

ಕಡೆಗೆ ನಾವು ಕೊಂಡುದು ಇದು: ಕ್ಲಾಸ್ ಡಿ ಬಗೆಯ ಹೊಸ ಆಂಪ್ಲಿಫೈಯರೊಂದು, ಹನ್ನೆರಡಂಗುಲದ, ಎಂಟು ಓಮಿನ ಪೆಟ್ಟಿಗೆಯೊಂದು, ಅದು ರಾಜಾಜಿನಗರದ ಒಬ್ಬ ವಾದ್ಯಗಾರರು ಬಳಸಿ ಮಾರಿದುದು. ಬಳಸಿದ ಪೆಟ್ಟಿಗೆಯನ್ನು ಕೊಳ್ಳಲು ಹೆದರಬೇಕಿಲ್ಲ, ಪರೀಕ್ಷಿಸಲು ಬಂದರೆ ಸರಿ. ತಮ್ಮ ಗಿಟಾರನ್ನೇ ಒಯ್ದು, ದಪ್ಪ ತಂತಿಯ ಒಂದೊಂದು ಮನೆಯನ್ನೂ ನಿಧಾನವಾಗಿ ಮೀಟುತ್ತ ಮೇಲಕ್ಕೆ ಹೋಗಬೇಕು. ಎಲ್ಲಿಯಾದರೂ ಕಿರಕಿರ ಗಡಗಡ ಸದ್ದು ಬಂದರೆ ಬಟ್ಟಲೋ ಹಲಗೆಯ ಕೀಲೋ ಸಡಿಲವಾಗಿದೆಯೆಂದು ತಿಳಿಯಬೇಕು. ಬಟ್ಟಲನ್ನು ಎರಡೂ ಕೈಬೆರಳುಗಳಿಂದ ಮೆಲ್ಲನೆ ಸಮನಾಗಿ ಒಳಕ್ಕೆ ಒತ್ತಿದಾಗ ಒಳಗಿನ ಸುರುಳಿ ಉಜ್ಜುವಂತಿರಬಾರದು. ಮಲ್ಟಿಮೀಟರಿನಿಂದ ಅಳೆದರೆ ಎಂಟು ಓಮಿನದು ಆರರ ಆಸುಪಾಸು ತೋರಿಸುವುದು, ಅದು ದೋಷವಲ್ಲ.

ಆಂಪ್ಲಿಫೈಯರಿನಿಂದ ಪೆಟ್ಟಿಗೆಗೆ ಹೋಗುವ ತಂತಿಯ ವಿಷಯದಲ್ಲಿ ಜಿಪುಣತನ ಕೂಡದು. ಗಿಟಾರಿನ ತಂತಿಯೂ ಸ್ಪೀಕರಿನ ತಂತಿಯೂ ಹೊರಗಿನಿಂದ ಅವಳಿಮಕ್ಕಳಂತಿರುವುವು; ಒಳಗೆ ಒಂದು ಎಳೆಯಷ್ಟು ತೆಳು, ಇನ್ನೊಂದು ದಪ್ಪ. ತೆಳ್ಳನೆಯದನ್ನು ಸ್ಪೀಕರಿಗೆ ಹಾಕಿದರೆ ಅದು ಕಾಯುವುದು. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯೆಂದು ಎಲ್ಲರೂ ಕರೆಯುವ ಸಾದರ ಪತ್ರಪ್ಪ ರಸ್ತೆಗೆ ನಡೆದೆವು. ದಪ್ಪ ತಾಮ್ರದ ಜೋಡಿ ತಂತಿಯನ್ನೂ, ತಿರುಗಿಸಿ ಬಿಗಿಯುವ ಸ್ಪೀಕಾನ್ ತುದಿಗಳನ್ನೂ ಕೊಂಡು ಎದುರಿನಲ್ಲಿಯೇ ಬೆಸುಗೆ ಹಾಕಿಸಿದೆವು. ಆ ತುದಿಗಳನ್ನು ತಪ್ಪು ಕಿಂಡಿಗೆ ಚುಚ್ಚಲು ಬರುವುದಿಲ್ಲವೆಂಬುದೇ ಅವುಗಳ ದೊಡ್ಡ ಗುಣ.

ನೆರೆಹೊರೆಯ ಮಾತೊಂದು ಉಳಿಯಿತು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. ಹಗಲಿನಲ್ಲಿಯೂ ಲಿಖಿತ ಅನುಮತಿ ಬೇಕು. ಸರ್ಕಾರವು ವರುಷಕ್ಕೆ ಹದಿನೈದಕ್ಕೆ ಮೀರದ ಹಬ್ಬದ ದಿನಗಳಲ್ಲಿ ನಡುರಾತ್ರಿಯವರೆಗೆ ಸಡಿಲಿಸಬಹುದು. ವಾಸದ ಬಡಾವಣೆಗಳಿಗೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ಈ ಅಳತೆಯ ಯಂತ್ರವು ಮಂದ್ರಸ್ವರಗಳನ್ನು ಬಹಳ ಕಡಮೆಯಾಗಿ ಎಣಿಸುವುದು. ೫೦ ಕಂಪನಗಳ ಸ್ವರದಿಂದ ಸುಮಾರು ೩೦ ಡೆಸಿಬೆಲ್ ಕಳೆದು ತೋರಿಸುವುದು. ಆದಕಾರಣ ಯಂತ್ರದಲ್ಲಿ ಅಂಕೆ ಸರಿಯಾಗಿಯೇ ಇರುವಾಗಲೂ ಪಕ್ಕದ ಮನೆಯ ಬೀರುವಿನ ಗಾಜು ಗಿಲಿಗಿಲಿಯೆನ್ನುವುದು. ಗೋಡೆಗಳು ಮೇಲಿನ ಸ್ವರಗಳನ್ನು ತಡೆಯುವಂತೆ ಮಂದ್ರವನ್ನು ತಡೆಯಲಾರವು. ಮನೆಯ ಅಭ್ಯಾಸಕ್ಕೆ ಹೆಡ್‌ಫೋನು ಹಾಕುವ ಕಿಂಡಿ ಆಂಪ್ಲಿಫೈಯರಿನಲ್ಲಿ ಇರಲೇಬೇಕೆಂದು ನಾನು ಪಟ್ಟು ಹಿಡಿದೆನು. ವೇದಿಕೆಯ ಮೇಲೆ ಕಿವಿಗೆ ಇಡುವ ಬಿರಡೆಯನ್ನು ಅಕ್ಕನೇ ತಂದುಕೊಟ್ಟಳು. ೮೫ ಡೆಸಿಬೆಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದಾದರೆ ಮೂರು ಮೂರು ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧರ್ಧವಾಗುತ್ತ ಬಂದು, ೧೦೦ಕ್ಕೆ ಹದಿನೈದೇ ನಿಮಿಷವೆಂದು ಅಮೆರಿಕೆಯ ಕಾರ್ಮಿಕ ಆರೋಗ್ಯದ ತಜ್ಞರು ಗೊತ್ತುಮಾಡಿದ್ದಾರೆ. ಡ್ರಮ್ಮಿನ ಬಳಿ ನೂರು ಸಾಮಾನ್ಯ.

ಮುಂದಿನ ನವೆಂಬರಿನಲ್ಲಿ ಅದೇ ಬೀದಿಯವರು ಮತ್ತೆ ಕರೆದರು. ಹುಡುಗನು ಗಿಟಾರನ್ನು ಬೆನ್ನಿಗೆ, ಪೆಟ್ಟಿಗೆಯನ್ನು ಕೈಗೆ ಹಾಕಿಕೊಂಡು ತಾನೊಬ್ಬನೇ ಇಳಿದುಹೋದನು. ಅಕ್ಕನೂ ನಾನೂ ಮೈಕ್ ಸೆಟ್ಟಿನವರ ಮೇಜಿನ ಪಕ್ಕದಲ್ಲಿ ನಿಂತೆವು. “ಇದರಲ್ಲಿ ಇವನದು ಯಾವುದೋ ನನಗೆ ಗೊತ್ತಾಗೋದಿಲ್ಲ,” ಎಂದು ಅವಳು ನಾಲ್ಕು ಹಾಡುಗಳವರೆಗೆ ಹೇಳುತ್ತಲೇ ಇದ್ದಳು. ಐದನೆಯ ಹಾಡಿನ ನಡುವೆ ಕೊಳಲಿಗೆಂದು ಬಿಟ್ಟಿದ್ದ ಎಡೆಯಲ್ಲಿ ಬೇಸು ಎರಡು ಆವರ್ತ ಸುಮ್ಮನಾಯಿತು. ಅಕ್ಕನು ಥಟ್ಟನೆ ನನ್ನ ತೋಳನ್ನು ಹಿಡಿದು, “ಏನಾಯ್ತೋ, ಮತ್ತೆ ಹರೀತೇನೋ?” ಎಂದಳು. ಹಾಡು ಇರುವುದೇ ಹಾಗೆಂದು ನಾನು ಹೇಳುವಷ್ಟರಲ್ಲಿ ಬೇಸು ಮತ್ತೆ ಒಳಗೆ ಬಂದಿತು. ಹತ್ತು ಗಂಟೆಗೆ ಐದು ನಿಮಿಷವಿರುವಾಗ ಕಾರ್ಯಕ್ರಮ ಮುಗಿಯಿತು. 'ಪೆಟ್ಟಿಗೆಯನ್ನು ನಾನು ಹಿಡಿದುಕೊಳ್ಳುತ್ತೇನೆ' ಎಂದು ಅಕ್ಕನೇ ಅದನ್ನು ಆಟೋದವರೆಗೆ ತಂದಳು.